ಪೀಣ್ಯದಲ್ಲಿ ತಯಾರಾದ ಸಿಂಹಾಸನ

ಯಾರಾದರೂ ಒಂದು ಬೆಲೆ ಹೇಳಿದರೆ ಅದರಲ್ಲಿ ಸ್ವಲ್ಪವಾದರೂ ಇಳಿಸದಿದ್ದರೆ ನನಗೆ ಅವತ್ತು ಉಂಡ ಅನ್ನ ಅರಗುವುದಿಲ್ಲ. ನಮ್ಮ ಯಜಮಾನರು ಇದನ್ನು ಜಿಪುಣತನ ಎನ್ನುತ್ತಾರೆ. ನಾನು ವೃತ್ತಿಧರ್ಮ ಎನ್ನುತ್ತೇನೆ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ನಾನು ಪರ್ಚೇಸ್ ಆಫೀಸರ್. ಬೋಲ್ಟು, ಬೇರಿಂಗಿನಿಂದ ಹಿಡಿದು ಕ್ಯಾಂಟೀನಿನ ಕಾಫಿಪುಡಿಯವರೆಗೆ ಏನೇ ಬೇಕಾದರೂ ಮೂರು ಕಡೆಯಿಂದ ಕೊಟೇಶನ್ ತರಿಸಿ, ಮೂವರನ್ನೂ ಬೇರೆ ಬೇರೆಯಾಗಿ ಕೂರಿಸಿಕೊಂಡು, "ಅವರು ನಿಮಗಿಂತ ಕಡಿಮೆಗೆ ಕೊಡ್ತಾರಂತಲ್ರೀ" ಎಂದು ಮೂವರಿಗೂ ಹೇಳುವುದೇ ನನ್ನ ಕೆಲಸ. ಇದನ್ನೇ ಮಾಡಿ ಮಾಡಿ ಅಭ್ಯಾಸ ಮೈಗೆ ಹತ್ತಿಬಿಟ್ಟಿದೆ. ದಾಸರಹಳ್ಳಿಯ ನಮ್ಮ ಬೀದಿಗೆ ಬರುವ ಹೂವಿನಾಕೆ ನನ್ನನ್ನು ಕಂಡರೆ ಬುಟ್ಟಿಯ ಮೇಲೆ ಬಟ್ಟೆ ಎಳೆದುಕೊಳ್ಳುತ್ತಾಳೆ. ನಮ್ಮ ಮನೆಯ ಗೃಹಪ್ರವೇಶದ ಸಮಯದಲ್ಲಿ ನಾನು ಪುರೋಹಿತರನ್ನು, "ನವಗ್ರಹದಲ್ಲಿ ಒಂದೆರಡು ಬಿಟ್ರೆ ಎಷ್ಟಾಗುತ್ತೆ ಸ್ವಾಮಿ?" ಎಂದು ಕೇಳಿದೆನೆಂದು ಯಜಮಾನರು ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ. ಕೇಳಿದ್ದು ನಿಜ. ಆದರೆ ತಮಾಷೆಗೆ ಕೇಳಿದ್ದು ಎಂಬುದನ್ನು ಮಾತ್ರ ಅವರು ಬೇಕೆಂದೇ ನುಂಗಿಬಿಡುತ್ತಾರೆ.

ಇಂಥ ನನಗೆ ಒಂದು ದಿನ ಭವ್ಯಾ ಎಂಬ ಹುಡುಗಿ ಫೋನ್ ಮಾಡಿದಳು. ನಾನು ಓದಿದ ಎಂಜಿನಿಯರಿಂಗ್ ಕಾಲೇಜಿನ ನಾಟಕ ಸಂಘಕ್ಕೆ ಈಗ ಅವಳು ಕಾರ್ಯದರ್ಶಿ. "ಮೇಡಂ, ನೀವು ನಮ್ಮ ಸಂಘದ ಹಳೇ ಕಲಾವಿದೆ ಅಂತ ಗೊತ್ತಾಯ್ತು" ಎಂದಳು. ಕಲಾವಿದೆ ಎಂಬ ಮಾತು ಕಿವಿಗೆ ಬಿದ್ದದ್ದೇ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಅಸಲಿಗೆ ಆ ಸಂಘದಲ್ಲಿದ್ದಷ್ಟು ದಿನವೂ ನನಗೆ ಸಿಕ್ಕಿದ್ದು ದಾಸಿಯ ಪಾತ್ರ. ರಾಣಿಯ ಪಕ್ಕದಲ್ಲಿ ಚಾಮರ ಬೀಸುತ್ತ ನಿಲ್ಲುವುದು. ಮಾತಿರಲಿಲ್ಲ. ಇವತ್ತು ನನ್ನ ಬಾಯಿ ಕಂಡವರು ಯಾರೂ ಇದನ್ನು ನಂಬುವುದಿಲ್ಲ. ಭವ್ಯಾ ಹೇಳಿದ ಸುದ್ದಿ ಮಾತ್ರ ಒಳ್ಳೆಯದಿರಲಿಲ್ಲ. "ಮೆಟ್ಟಿಲ ಕೆಳಗಿನ ನಮ್ಮ ರಿಹರ್ಸಲ್ ರೂಮನ್ನ ಪ್ಲೇಸ್‌ಮೆಂಟ್ ಸೆಲ್‌ಗೆ ಕೊಟ್ಬಿಡ್ತಾರಂತೆ ಮೇಡಂ. ನಾಟಕ ಆಡದೇ ಇರೋ ಸಂಘಕ್ಕೆ ರೂಮ್ಯಾಕೆ ಅಂತಾರೆ ಪ್ರಿನ್ಸಿಪಾಲರು. ಈ ವರ್ಷ ನಾವೇ ಖರ್ಚು ಹೊಂದಿಸ್ಕೊಂಡು ಆಡಿ ತೋರಿಸಿದ್ರೆ ನೋಡೋಣ ಅಂದಿದಾರೆ. ಹಳೇ ವಿದ್ಯಾರ್ಥಿಗಳು ಏನಾದ್ರೂ ಸಹಾಯ ಮಾಡಿದ್ರೆ..."

ಆ ರೂಮಿಗೆ ಕಿಟಕಿಯಿರಲಿಲ್ಲ. ಯಾವಾಗಲೂ ಅಂಟಿನ ವಾಸನೆ, ಮೇಲೆ ಮೆಟ್ಟಿಲು ಹತ್ತುವವರ ಧಡಧಡ ಸದ್ದು. ಆದರೂ ಕ್ಲಾಸಿನಲ್ಲಿ ಹೆಸರು ಕೂಗಿದರೆ 'ಪ್ರೆಸೆಂಟ್ ಸಾರ್' ಎನ್ನಲೂ ಹೆದರುತ್ತಿದ್ದ ನಾನು ಜೋರಾಗಿ ನಗಲು ಕಲಿತದ್ದು ಅಲ್ಲಿಯೇ. ಅದು ಹೋಗುತ್ತದೆ ಎಂದಾಗ ನನಗೆ ನಿಜಕ್ಕೂ ಸಂಕಟವಾಯಿತು. ಆದರೆ ಬಾಯಿ ಅಭ್ಯಾಸದಂತೆ ತನ್ನ ಕೆಲಸ ಶುರು ಮಾಡಿತು. "ಎಷ್ಟು ಬೇಕಮ್ಮಾ?" ಎಂದೆ. ಅವಳು ಹೇಳಿದಳು. "ಜಾಸ್ತಿ ಆಯ್ತು. ಅರ್ಧ ಮಾಡ್ಕೋ. ಅದೂ ಇನ್ನೂ ಮೂರು ಜನ ಹಳಬರ ಹತ್ರ ಕೇಳಿ ನೋಡಿದ್ಮೇಲೆ ಬಾ" ಎಂದುಬಿಟ್ಟೆ. ಅವಳು, "ಸರಿ ಮೇಡಂ, ಥ್ಯಾಂಕ್ಸ್" ಎಂದು ಫೋನ್ ಇಟ್ಟಳು. ದೇಣಿಗೆಗೂ ಚೌಕಾಸಿ ಮಾಡಿದ ಹೆಂಗಸು ಕರ್ನಾಟಕದಲ್ಲಿ ನಾನೊಬ್ಬಳೇ ಇರಬೇಕು ಎಂದು ಆ ಸಂಜೆ ಯಜಮಾನರು ಅಭಿಪ್ರಾಯಪಟ್ಟರು.

ಮರುದಿನ ನಮ್ಮ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಭವ್ಯಾ ಒಂದು ಚಂದದ ಪೋಸ್ಟರ್ ಹಾಕಿದಳು. ಮೇಲೆ ಮುಖವಾಡದ ಚಿತ್ರ, ಕೆಳಗೆ ದುಡ್ಡು ಕಳಿಸಲು ಕ್ಯೂಆರ್ ಕೋಡ್. ನೋಡನೋಡುತ್ತಿದ್ದಂತೆ ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. 'ಸೂಪರ್', 'ಕೀಪ್ ಇಟ್ ಅಪ್', 'ಆ ದಿನಗಳೇ ಬೇರೆ ಗುರು'. ಒಬ್ಬ ಕಣ್ಣೀರು ಸುರಿಸುವ ಮುಖವನ್ನೂ ಕಳಿಸಿದ. ಅಷ್ಟರಲ್ಲಿ ಇನ್ಯಾರೋ ಗುಲಾಬಿ ಹೂವಿನ ಶುಭೋದಯ ಹಾಕಿದರು, ಅದರ ಮೇಲೆ ಮಂಡಿನೋವಿಗೆ ಮನೆಮದ್ದು ಬಂತು, ಕ್ಯೂಆರ್ ಕೋಡ್ ಆಳಕ್ಕೆ ಇಳಿದುಹೋಯಿತು. ಹಣ ಎಷ್ಟು ಬಂತು ಎಂದು ಕೇಳಿದ್ದಕ್ಕೆ ಭವ್ಯಾ, "ಎಲ್ರೂ ತುಂಬಾ ಎನ್ಕರೇಜ್ ಮಾಡ್ತಿದಾರೆ ಮೇಡಂ" ಎಂದಳು. ನಮ್ಮವರು ಕೆಟ್ಟವರೇನಲ್ಲ. ದುಡ್ಡು ಎಂದ ಕೂಡಲೇ ಮನುಷ್ಯನಿಗೆ ಮನೆಸಾಲದ ಕಂತು, ಮಕ್ಕಳ ಸ್ಕೂಲ್ ಫೀಸು ಒಟ್ಟಿಗೇ ನೆನಪಾಗುತ್ತವೆ, ಅಷ್ಟೇ. ಆಗ ನನಗೊಂದು ಉಪಾಯ ಹೊಳೆಯಿತು. ದುಡ್ಡನ್ನು ಯಾಕೆ ಕೇಳಬೇಕು? ವಸ್ತುವನ್ನೇ ಕೇಳೋಣ. ಪೀಣ್ಯದಲ್ಲಿ ನಮ್ಮ ಸಂಘದವರೇ ಎಷ್ಟು ಜನ ಶೆಡ್ಡು ಹಾಕಿಕೊಂಡು ಕೂತಿಲ್ಲ?

ಭವ್ಯಾ ಬರೆದಿದ್ದ ನಾಟಕದಲ್ಲಿ ಒಬ್ಬ ರಾಜ ಸಿಂಹಾಸನ ಬಿಟ್ಟು ಏಳುವುದೇ ಇಲ್ಲ. ಊಟ, ನಿದ್ದೆ, ನ್ಯಾಯ ಎಲ್ಲವೂ ಅಲ್ಲಿಯೇ. ಕೊನೆಗೆ ಬೇಸತ್ತ ನಾಲ್ವರು ಪ್ರಜೆಗಳು ಅವನನ್ನು ಸಿಂಹಾಸನದ ಸಮೇತ ಎತ್ತಿಕೊಂಡು ಊರಾಚೆ ಇಟ್ಟು ಬರುತ್ತಾರೆ. ಇಡೀ ನಾಟಕಕ್ಕೆ ಬೇಕಾದದ್ದು ಅದೊಂದೇ ಸಾಮಾನು. ನಾನು ರುದ್ರೇಶನಿಗೆ ಫೋನ್ ಮಾಡಿದೆ. ನಮ್ಮ ಕಾಲದಲ್ಲಿ ರಾಜನ ಪಾತ್ರವೆಲ್ಲ ಅವನದೇ. ಈಗ ಫ್ಯಾಬ್ರಿಕೇಶನ್ ಶೆಡ್ಡು ನಡೆಸುತ್ತಾನೆ, ಕಬ್ಬಿಣ ಕತ್ತರಿಸಿ ಬೆಸೆದು ಯಂತ್ರಗಳಿಗೆ ಸ್ಟ್ಯಾಂಡು ಮಾಡಿಕೊಡುವುದು ಕಸುಬು. "ದುಡ್ಡು ಗಿಡ್ಡು ಕೇಳ್ಬೇಡ ಕಣೇ ವಸು, ಜಿಎಸ್‌ಟಿ ಕಟ್ಟೋ ವಾರ ಇದು" ಎಂದೇ ಶುರು ಮಾಡಿದ. "ದುಡ್ಡು ಬೇಡ ಕಣೋ, ಒಂದು ಸಿಂಹಾಸನ ಮಾಡ್ಕೊಡು" ಎಂದೆ. ಅವನು ಬೇರೆಯೇ ದನಿಯಲ್ಲಿ, "ಡ್ರಾಯಿಂಗ್ ಕಳಿಸು" ಎಂದ. ಕಾರಣ ನನಗೆ ಗೊತ್ತಿತ್ತು. ನಮ್ಮ ಕಾಲದ ಸಿಂಹಾಸನವೆಂದರೆ ರೇಷ್ಮೆ ಸೀರೆ ಹೊದಿಸಿದ ಕ್ಯಾಂಟೀನ್ ಕುರ್ಚಿ. ವಾರ್ಷಿಕೋತ್ಸವದ ದಿನ ರುದ್ರೇಶ ಶತ್ರುವನ್ನು ಕಂಡು ಗುಡುಗುತ್ತಿರುವಾಗಲೇ ಅದರ ಕಾಲು ಲಟಕ್ಕೆಂದು ಮುರಿದು, ಕಿರೀಟ ಒಂದು ಕಡೆ, ಮಹಾರಾಜರು ಒಂದು ಕಡೆ. ಸಭಾಂಗಣ ಬಿದ್ದು ಬಿದ್ದು ನಕ್ಕಿತ್ತು. ಚಾಮರ ಹಿಡಿದ ನಾನೂ ನಕ್ಕಿದ್ದೆ.

ಭವ್ಯಾ ಕಳಿಸಿದ ಚಿತ್ರದ ಕೆಳಗೆ ವಿನಯದಿಂದ ಒಂದು ಸಾಲು ಬರೆದಿದ್ದಳು: 'ಸ್ವಲ್ಪ ಗಟ್ಟಿಯಾಗಿರಲಿ ಸಾರ್, ರಾಜ ಕೂತಿರುವಾಗಲೇ ಎತ್ತಬೇಕು.' ಬೇರೆ ಯಾರಾದರೂ ಆಗಿದ್ದರೆ ಇದನ್ನು ಓದಿ ಹಗುರವಾಗಿರಬೇಕು ಎಂದುಕೊಳ್ಳುತ್ತಿದ್ದರು. ಪೀಣ್ಯದವರ ಕಿವಿಗೆ ಕೇಳಿಸುವುದು ಲೋಡ್ ಎಂಬುದೊಂದೇ. ಎಷ್ಟು ಭಾರ ಹೊರಬೇಕೋ ಅದರ ಮೂರು ಪಟ್ಟು ತಡೆಯುವಂತೆ ಮಾಡದಿದ್ದರೆ ಇಲ್ಲಿ ಯಾರಿಗೂ ಸಮಾಧಾನವಿಲ್ಲ. ರುದ್ರೇಶ ದಪ್ಪ ಕಬ್ಬಿಣದ ಹಾಳೆಯಲ್ಲೇ ಸಿಂಹಾಸನ ಕಟ್ಟಿದ. ಬಣ್ಣಕ್ಕೆ ನಸೀರ್ ಸಿಕ್ಕ. ಕಾಲೇಜಿನಲ್ಲಿ ನಮ್ಮೆಲ್ಲರ ಮುಖಕ್ಕೆ ಬಣ್ಣ ಹಚ್ಚುತ್ತಿದ್ದವನು ಈಗ ಪೌಡರ್ ಕೋಟಿಂಗ್ ಶೆಡ್ಡಿನಲ್ಲಿ ಕಬ್ಬಿಣಕ್ಕೆ ಹಚ್ಚುತ್ತಾನೆ. ಕಬ್ಬಿಣ ಅಲುಗಾಡುವುದಿಲ್ಲವಾದ್ದರಿಂದ ಅದೇ ವಾಸಿಯಂತೆ. ನಾಟಕಕ್ಕೆ ಎರಡು ದಿನವಿದ್ದಾಗ ಟೆಂಪೋದಲ್ಲಿ ಬಂಗಾರದ ಬಣ್ಣದ ಆ ಸಿಂಹಾಸನ ಕಾಲೇಜಿಗೆ ಬಂತು, ರಜೆ ಹಾಕಿ ನಾನೂ ಬಂದೆ. ಚೈನ್ ಪುಲ್ಲಿ ಕಟ್ಟಿ, ಪೈಪುಗಳ ಮೇಲೆ ಉರುಳಿಸಿಕೊಂಡು ವೇದಿಕೆಗೆ ಸೇರಿಸುವಷ್ಟರಲ್ಲಿ ಮಧ್ಯಾಹ್ನ ಕಳೆಯಿತು. ನೋಡಲು ಎಷ್ಟು ಚೆನ್ನಾಗಿತ್ತೆಂದರೆ ಕಾಲೇಜಿನ ಸೆಕ್ಯುರಿಟಿಯವರು ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆದುಕೊಂಡರು. ಆಮೇಲೆ ಪ್ರಜೆಗಳ ಪಾತ್ರದ ನಾಲ್ಕು ಹುಡುಗರು ಬಂದು ಕೈ ಹಾಕಿದರು. ಮುಖ ಕೆಂಪಾದವು, ಒಬ್ಬನ ಪ್ಯಾಂಟಿನ ಹೊಲಿಗೆ ಬಿಟ್ಟಿತು, ಸಿಂಹಾಸನ ಒಂದು ಕೂದಲೆಳೆಯಷ್ಟೂ ಕದಲಲಿಲ್ಲ. ರಾಜ ಇನ್ನೂ ಕೂತಿರಲೇ ಇಲ್ಲ.

ಭವ್ಯಾ ವೇದಿಕೆಯ ಅಂಚಿಗೆ ಹೋಗಿ ನಮಗೆ ಬೆನ್ನು ಮಾಡಿ ಕೂತಳು. ಆ ಪುಟ್ಟ ಬೆನ್ನು ಕಂಡು ನನಗೆ ತಡೆಯಲಾಗಲಿಲ್ಲ. ರುದ್ರೇಶನನ್ನು ಫೋನಿನಲ್ಲಿ ಹಿಡಿದು, "ಸಿಂಹಾಸನ ಮಾಡು ಅಂದ್ರೆ ಸೇತುವೆ ಮಾಡಿದ್ದೀಯಲ್ಲೋ! ಕಟರ್ ತಂದು ಅರ್ಧಕ್ಕರ್ಧ ಕೊಯ್ದು ಹಗುರ ಮಾಡು" ಎಂದು ಕೂಗಾಡಿದೆ. "ಕೊಯ್ಯೋದಾ?" ಎಂದ ರುದ್ರೇಶ. ದನಿ ಸಣ್ಣಗಾಗಿತ್ತು. "ಬೇರೆ ಏನಾದ್ರೂ ಹೇಳು, ಮಾಡ್ತೀನಿ. ಅದನ್ನ ಮಾತ್ರ ನನ್ನ ಕೈಲಿ ಆಗಲ್ಲ ಕಣೇ. ಇದು ಮುರಿಯಲ್ಲ ಅಂತ ಒಂದು ಸಲ ನಾಲ್ಕು ಜನರೆದುರು ಗೊತ್ತಾಗ್ಲಿ." ಈ ಕಡೆ ಹುಡುಗಿಯ ಬೆನ್ನು, ಆ ಕಡೆ ಇವನ ದನಿ. ಜೀವಮಾನದಲ್ಲಿ ಮೊದಲ ಬಾರಿಗೆ ನನಗೆ ಯಾರ ಹತ್ತಿರ ಚೌಕಾಸಿ ಮಾಡಬೇಕೆಂದೇ ತಿಳಿಯಲಿಲ್ಲ.

ದಾರಿ ಕಂಡದ್ದು ಭವ್ಯಾಗೇ. ಸ್ವಲ್ಪ ಹೊತ್ತಿಗೆ ಕಣ್ಣೊರೆಸಿಕೊಂಡು ಎದ್ದು ಬಂದಳು. "ಮೇಡಂ, ನಾಲ್ಕೇ ಪ್ರಜೆಗಳು ಯಾಕಿರ್ಬೇಕು? ರಾಜ್ಯ ಅಂದ್ಮೇಲೆ ಜಾಸ್ತಿ ಜನ ಇರಲ್ವಾ?" ಎಂದಳು. ಸಿಂಹಾಸನದ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿ ಹೀಗೆ ಬರೆದಳು: 'ರುದ್ರೇಶ್ ಸಾರ್ ಮಾಡಿಕೊಟ್ಟ ಸಿಂಹಾಸನ. ನಮ್ಮ ಕೈಲಿ ಎತ್ತೋಕಾಗ್ತಿಲ್ಲ. ಶನಿವಾರ ಸಂಜೆ ಕೊನೇ ಸೀನಿನಲ್ಲಿ ವೇದಿಕೆಗೆ ಬಂದು ಎತ್ತಿಕೊಡ್ತೀರಾ?' ಕ್ಯೂಆರ್ ಕೋಡ್ ಹಾಕಿರಲಿಲ್ಲ. ಹಾಕುವುದು ಮರೆತೆ ಎಂದು ಆಮೇಲೆ ಹೇಳಿದಳು. ಗುಂಪು ಜೇನುಗೂಡು ಕೆದಕಿದಂತೆ ಎದ್ದಿತು. ಒಬ್ಬ ಚಕ್ರ ಹಾಕಿ ಎಂದ, ಇನ್ನೊಬ್ಬ ಭಾರದ ಕೇಂದ್ರ ಎಲ್ಲಿ ಬರುತ್ತದೆಂದು ಗೀಟು ಹಾಕಿ ತೋರಿಸಿದ, ವೈಟ್‌ಫೀಲ್ಡಿನವನೊಬ್ಬ ಎತ್ತುವವರು ಎಲ್ಲೆಲ್ಲಿ ನಿಲ್ಲಬೇಕೆಂದು ನಕ್ಷೆಯನ್ನೇ ಕಳಿಸಿದ. ಮಂಡಿನೋವಿನ ಮನೆಮದ್ದು ಹಾಕಿದ್ದವರು, "ನಾನೂ ಬರ್ತೀನಿ, ಎತ್ತೋಕಾಗಲ್ಲ, ಒನ್ ಟೂ ತ್ರೀ ಹೇಳ್ತೀನಿ" ಎಂದರು.

ಶನಿವಾರ ಸಭಾಂಗಣ ತುಂಬಿತ್ತು. ಟ್ರಾಫಿಕ್ಕಿಗೆ ಹೆದರಿ ಎಲೆಕ್ಟ್ರಾನಿಕ್ ಸಿಟಿಯವರು ಮಧ್ಯಾಹ್ನದ ಊಟಕ್ಕೂ ಮೊದಲೇ ಹೊರಟು ಎಲ್ಲರಿಗಿಂತ ಮುಂಚೆ ಬಂದು ಕೂತಿದ್ದರು. ಹೆಂಡತಿ, ಗಂಡ, ಮಕ್ಕಳು, ಒಬ್ಬರ ಅತ್ತೆಯವರು ಕೂಡ ಬಂದಿದ್ದರು. ತಮ್ಮ ಮನೆಯವರು ವೇದಿಕೆ ಹತ್ತುತ್ತಾರೆಂದರೆ ಯಾರು ತಾನೇ ಬಿಡುತ್ತಾರೆ? ಕೊನೆಯ ದೃಶ್ಯದಲ್ಲಿ ನಾಲ್ವರು ಪ್ರಜೆಗಳು ಕೈಹಾಕಿ, ಸೋತು, ಸಭೆಯ ಕಡೆ ತಿರುಗಿ, "ಇನ್ನೂ ಯಾರಾದ್ರೂ ಇದೀರೇನ್ರಪ್ಪಾ?" ಎಂದು ಕೂಗಿದರು. ಅಲ್ಲೊಬ್ಬರು ಇಲ್ಲೊಬ್ಬರಂತೆ ನಮ್ಮವರು ಎದ್ದರು. ಬೊಜ್ಜು, ಬೋಳುತಲೆ, ಕೊರಳಲ್ಲಿ ಇನ್ನೂ ಆಫೀಸಿನ ಗುರುತಿನ ಚೀಟಿ. ಮುಂದೆ ರುದ್ರೇಶ, ನಸೀರ್, ಹಿಂದೆ ನಾನು. ಮಂಡಿನೋವಿನ ಮನೆಮದ್ದಿನವರು ಒನ್ ಟೂ ತ್ರೀ ಎಂದರು. ಸಿಂಹಾಸನ ನೆಲ ಬಿಟ್ಟಿತು. ಸಭಾಂಗಣ ಎದ್ದು ನಿಂತು ಕೂಗಿದ ಕೂಗು ನನ್ನ ಎದೆಗೆ ಬಂದು ಬಡಿಯಿತು. ಅಷ್ಟು ವರ್ಷ ಚಾಮರ ಬೀಸಿ ಸಿಗದ ಚಪ್ಪಾಳೆ ಅದು. ನನಗೆ ಅಳು ಬಂತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ನಾಟಕದ ಪ್ರಕಾರ ಸಭಾಂಗಣದ ಬಾಗಿಲು ದಾಟಿದರೆ ಮುಗಿಯಿತು. ಆದರೆ ಹುರುಪಿನಲ್ಲಿ ಯಾರೂ ನಿಲ್ಲಲಿಲ್ಲ. "ಇಳಿಸ್ರೋ, ಇಳಿಸ್ರೋ" ಎಂದು ರಾಜ ಬಡಿದುಕೊಳ್ಳುತ್ತಿದ್ದರೂ ಕೇಳದೆ ಮೊಗಸಾಲೆಯುದ್ದಕ್ಕೂ ನಡೆದೆವು. ಕಾಲುಗಳು ತಾವಾಗಿ ಹಳೆಯ ದಾರಿ ಹಿಡಿದವು, ಮೆಟ್ಟಿಲ ಕೆಳಗಿನ ರೂಮಿನೊಳಕ್ಕೇ ಹೋಗಿ ಸಿಂಹಾಸನ ಇಳಿಸಿದೆವು. ಅಲ್ಲಿಯೇ ನಿಂತು ಏದುಸಿರು ಬಿಡುತ್ತ, "ಲೈಟಿನ ಬಾಡಿಗೆ ಯಾರು ಕೊಟ್ರಮ್ಮಾ? ಬಟ್ಟೆಗೆ ಏನು ಮಾಡಿದ್ರಿ?" ಎಂದು ಒಬ್ಬೊಬ್ಬರೇ ಭವ್ಯಾಳನ್ನು ಕೇಳಿ, ಫೋನು ತೆಗೆದು ಅವಳಿಂದ ಕ್ಯೂಆರ್ ಕೋಡ್ ತಾವೇ ಕೇಳಿ ಪಡೆದರು. ಹೆಗಲು ಕೊಟ್ಟವನಿಗೆ ಜೇಬಿಗೆ ಕೈ ಹಾಕುವುದು ಅಷ್ಟು ಕಷ್ಟವಲ್ಲವೆಂದು ಕಾಣುತ್ತದೆ. ಪ್ರಿನ್ಸಿಪಾಲರೂ ಬಂದು ರುದ್ರೇಶನ ಕೈ ಕುಲುಕಿ, ರೂಮಿನ ವಿಚಾರ ಸೋಮವಾರ ನೋಡೋಣ ಎಂದರು. ಸೋಮವಾರ ನೋಡಲು ಏನೂ ಉಳಿದಿರಲಿಲ್ಲ. ರೂಮು ಖಾಲಿ ಮಾಡಿಸಲು ಬಂದವರು ಸಿಂಹಾಸನವನ್ನು ಒಮ್ಮೆ ತಳ್ಳಿ ನೋಡಿ ಟೀ ಕುಡಿಯಲು ಹೋದರಂತೆ. ಪ್ಲೇಸ್‌ಮೆಂಟ್ ಸೆಲ್ ಬೇರೆ ಜಾಗ ಹುಡುಕಿಕೊಂಡಿತು. ಸಿಂಹಾಸನ ತೆಗೆಸಲು ಕಾಲೇಜಿನವರು ಕ್ರೇನಿನವರಿಂದ ಮೂರು ಕೊಟೇಶನ್ ಕೇಳಿದ್ದಾರಂತೆ, ಇನ್ನೂ ಒಂದೂ ಬಂದಿಲ್ಲ. ಪೀಣ್ಯದ ಕ್ರೇನಿನವರೆಲ್ಲ ನನಗೆ ಪರಿಚಯದವರು ಎಂಬುದಕ್ಕೂ ಇದಕ್ಕೂ ಸಂಬಂಧ ಕಲ್ಪಿಸುವುದು ಸರಿಯಲ್ಲ.

ಮೊನ್ನೆ ಭವ್ಯಾ ಮತ್ತೆ ಫೋನ್ ಮಾಡಿದ್ದಳು. ಕ್ಷೇಮ ಸಮಾಚಾರವಾದ ಮೇಲೆ ಮೆತ್ತಗೆ, "ಮೇಡಂ, ತಪ್ಪು ತಿಳ್ಕೋಬೇಡಿ, ಎಲ್ಲರದ್ದೂ ಬಂತು. ನಿಮ್ಮದೊಂದು ಬಾಕಿ" ಎಂದಳು. ಗದ್ದಲದಲ್ಲಿ ನಾನು ಕೊಟ್ಟೇ ಇರಲಿಲ್ಲ! ಆದರೂ ಅಭ್ಯಾಸ ಬಿಡಬೇಕಲ್ಲ. ಗಂಟಲು ಸರಿಮಾಡಿಕೊಂಡು, ಯುದ್ಧಕ್ಕೆ ಸಿದ್ಧಳಾಗಿ, "ಎಷ್ಟು ಹೇಳಮ್ಮಾ" ಎಂದೆ. ಅವಳು, "ನಿಮ್ಮಿಷ್ಟ ಮೇಡಂ" ಎಂದುಬಿಟ್ಟಳು. ಇಷ್ಟು ವರ್ಷದ ಸರ್ವೀಸಿನಲ್ಲಿ ಒಬ್ಬನೇ ಒಬ್ಬ ವ್ಯಾಪಾರಿಯೂ ನನ್ನೆದುರು ಆ ಮಾತು ಆಡಿದವನಲ್ಲ. ಬೆಲೆಯನ್ನೇ ಹೇಳದಿದ್ದರೆ ಇಳಿಸುವುದು ಯಾವುದನ್ನು? ಅವಳು ಮೊದಲ ದಿನ ಕೇಳಿದ್ದಷ್ಟನ್ನೂ ಕಳಿಸಿದೆ. ಆಮೇಲೆ ಕಡಿಮೆಯಾಯಿತೇನೋ ಎನ್ನಿಸಿ ಇನ್ನೊಮ್ಮೆ ಅಷ್ಟೇ ಕಳಿಸಿದೆ. ಈ ವಿಷಯ ನಮ್ಮ ಯಜಮಾನರಿಗೆ ಗೊತ್ತಿಲ್ಲ. ಗೊತ್ತಾದರೆ ಆ ಪುರೋಹಿತರನ್ನೇ ಕರೆದು ನನಗೆ ಪೂರ್ತಿ ಒಂಬತ್ತೂ ಗ್ರಹಗಳ ಶಾಂತಿ ಮಾಡಿಸಿಯಾರು.