ನಾದಿನಿ ಮತ್ತು ಬಸರಿ ಗಿಡ

ಹೆಣ್ಣುಮಕ್ಕಳು ಕೂಡಿದಲ್ಲಿ ನಾದಿನಿಯರ ಕಾಟದ ಮಾತು ಬಂದರೆ ನಾನು ಯಾರಿಗೂ ಸೋಲುವುದಿಲ್ಲ. ಒಬ್ಬಳ ನಾದಿನಿ ಚಾಡಿ ಹೇಳುತ್ತಾಳಂತೆ, ಇನ್ನೊಬ್ಬಳ ನಾದಿನಿ ಸೀರೆ ಎತ್ತಿಕೊಂಡು ಹೋಗುತ್ತಾಳಂತೆ. ಇದೂ ಒಂದು ಕಾಟವೇ? ನನ್ನ ನಾದಿನಿ ಬಂದರೆ ಮೊದಲು ಗೇಟಿನ ಪಕ್ಕದ ನುಗ್ಗೆ ಗಿಡದ ಯೋಗಕ್ಷೇಮ ವಿಚಾರಿಸುತ್ತಾಳೆ, ಅದರ ಬುಡ ಕೆದರುತ್ತಾಳೆ, ಆಮೇಲೆ ಅದೇ ಮಣ್ಣುಗೈಯಲ್ಲಿ ನನ್ನನ್ನು ಅಪ್ಪಿಕೊಳ್ಳುತ್ತಾಳೆ! “ವೈನಿ, ನೀ ಭಾಳ ಆರಾಮ ಕಾಣಾಕತ್ತಿ. ನುಗ್ಗಿ ಮಾತ್ರ ಸೊರಗೇತಿ” ಎನ್ನುತ್ತಾಳೆ. ನುಗ್ಗೆಯ ಪಾಲಿನದನ್ನೂ ನಾನೇ ತಿಂದೆ ಎಂಬಂತೆ.

ಅವಳು ಓದಿದ್ದು ಭೂದೃಶ್ಯ ಯೋಜನೆ. ಹಾಗೆಂದರೇನು ಎಂದು ಮದುವೆಯಾದ ಹೊಸದರಲ್ಲಿ ಒಮ್ಮೆ ಕೇಳಿದ್ದೆ. ಬೆಳಗಿನ ಚಹಾಕ್ಕೆ ಶುರುಮಾಡಿದವಳು ದೀಪ ಹಚ್ಚುವವರೆಗೆ ಹೇಳಿದಳು. ನನಗೆ ದಕ್ಕಿದ್ದು ಇಷ್ಟು: ಊರಿನಲ್ಲಿ ಜನ ಎಲ್ಲಿ ಕೂರಬೇಕು, ಮಳೆನೀರು ಎಲ್ಲಿ ಇಂಗಬೇಕು, ಯಾವ ಮರ ಉಳಿಯಬೇಕು ಎಂದು ಕಟ್ಟಡ ಏಳುವ ಮೊದಲೇ ಯೋಚಿಸುವ ಕೆಲಸ. ನಮ್ಮ ಕಡೆ ಎಲ್ಲರೂ ಕಟ್ಟಡ ಎದ್ದ ಮೇಲೆ ಯೋಚಿಸುವವರು. ಹೀಗಾಗಿ ಅವಳಿಗೆ ಕೆಲಸ ಕಡಿಮೆ, ಸಂಕಟ ಜಾಸ್ತಿ.

ತೇರಗಾಂವದಲ್ಲಿರುವ ನಮ್ಮತ್ತೆಗಂತೂ ಮಗಳ ವಿದ್ಯೆ ಕೊನೆಗೂ ಅರ್ಥವಾಗಲಿಲ್ಲ. “ಗಿಡಾ ಹಚ್ಚಾಕ ನಮ್ಮೂರಾಗ ಯಾರೂ ಕಾಲೇಜಿಗೆ ಹೋಗಿಲ್ಲವಾ. ಆ ಕೆಲಸಾ ಕಾಗಿ ಮಾಡತಾವು” ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದರು. ಮಗಳು ಸಿಟ್ಟಾಗುತ್ತಿರಲಿಲ್ಲ. “ಖರೆ ಐತಿ ಅವ್ವಾ. ಕಾಗಿ ಹಚ್ಚಿದ್ದು ಉಳಿತಾವು. ನಾ ಹಚ್ಚಿದ್ದು ಕಡೀತಾರ” ಎನ್ನುತ್ತಿದ್ದಳು.

ಹಳಿಯಾಳದಲ್ಲಿ ಅವಳಿಗೊಂದು ವರ ಗೊತ್ತುಮಾಡಿದ್ದೆವು. ಹೊಸ ಮನೆ, ಅಂಗಳಕ್ಕೆಲ್ಲ ಥಳಥಳಿಸುವ ಫರಶಿಕಲ್ಲಿನ ಹಾಸು. ನಮ್ಮವರು ಮನೆ ನೋಡಿ ಬಾಯಿ ತೆರೆದು ನಿಂತರೆ ಇವಳು ನೆಲ ನೋಡುತ್ತ ಮೂಲೆಮೂಲೆ ಸುತ್ತಿದಳು. ನಾಚಿಕೆ ಅಂದುಕೊಂಡೆವು. ಹುಡುಗನ ತಂದೆ ಪ್ರೀತಿಯಿಂದ “ಏನರೆ ಕೇಳೂದಿದ್ರ ಕೇಳವಾ” ಎಂದರು. “ಈ ಅಂಗಳದ ಮಳಿನೀರು ಎಲ್ಲಿಗೆ ಹೋಗತೈತ್ರಿ?” ಎಂದು ಕೇಳಿಬಿಟ್ಟಳು. ಫರಶಿ ಅರ್ಧದಷ್ಟಾದರೂ ಕಿತ್ತು ಮಣ್ಣು ಬಿಡಬೇಕೆಂದು ಆಗಲೇ ಪಾಠವೂ ಶುರುವಾಯಿತು. ವಾಪಸು ಬರುವ ಬಸ್ಸಿನಲ್ಲಿ ಅವಳ ಅಣ್ಣ, ಅಂದರೆ ನನ್ನ ಗಂಡ, ರೇಗಿದಾಗ “ನೀರು ಇಂಗಾಕ ಜಾಗಾ ಇಲ್ಲದ ಮನ್ಯಾಗ ನಾನರೆ ಹೆಂಗ ಇಂಗಲಿ?” ಎಂದಳು. ಸಂಬಂಧ ಅಲ್ಲಿಗೆ ಮುರಿಯಿತು. ಮುಂದಿನ ಮಳೆಗಾಲದಲ್ಲಿ ಆ ಮನೆಯ ನಡುಮನೆಗೆ ನೀರು ನುಗ್ಗಿತೆಂದು ಸುದ್ದಿ ಬಂತು. ನಾವು ಯಾರೂ ನಗಲಿಲ್ಲ. ನಗುವ ಹಾಗೂ ಇರಲಿಲ್ಲ, ವರ ಹೋಗಿತ್ತಲ್ಲ!

ಗಣೇಶಗುಡಿಯ ಹೋಮ್‌ಸ್ಟೇ ಒಂದಕ್ಕೂ ಅವಳು ಯೋಜನೆ ಮಾಡಿಕೊಟ್ಟಿದ್ದಳು. ಹುಲ್ಲುಹಾಸು ಬೇಡ, ಮರಕ್ಕೆ ಸುತ್ತಿದ ಬಣ್ಣದ ದೀಪ ಬೇಡ, ಕಾಡು ಹೇಗಿದೆಯೋ ಹಾಗೇ ಅಂಗಳದವರೆಗೆ ಬರಲಿ ಎಂದಿದ್ದಳು. ಮಾಲೀಕ ಪಾಪ ಒಪ್ಪಿದ. ತಿಂಗಳೊಪ್ಪತ್ತಿನಲ್ಲಿ ಅವನ ಫೋನು ಬಂತು. “ಮೇಡಂ, ನೀವು ಹೇಳಿದ ಕಾಡು ಭಾಳ ಛಲೋ ಬಂದೈತ್ರಿ. ಬಂದ ಮಂದಿನೂ ಖುಷಿ ಅದಾರ. ಆದ್ರ ಕಾಡಿನಾಗ ಹುಳಾ ಅಷ್ಟ ತಗದು ಕೊಡಾಕ ಬರತೈತೇನ್ರಿ?”

ಇಷ್ಟೆಲ್ಲ ಆದರೂ ಅವಳು ಸೋತವಳಂತೆ ಕಂಡಿರಲಿಲ್ಲ. ದಾಂಡೇಲಿಯ ಅಂಬೇವಾಡಿಯಲ್ಲಿ, ನಮ್ಮ ಮನೆಯ ಎದುರಿನ ಖಾಲಿ ಜಾಗದಲ್ಲಿ ಉದ್ಯಾನ ಮಾಡುವುದೆಂದು ಬಡಾವಣೆಯವರು ಸಮಿತಿ ಕಟ್ಟಿ ಯೋಜನೆಯನ್ನು ಅವಳಿಗೇ ವಹಿಸಿದಾಗ ಕುಣಿದುಬಿಟ್ಟಳು. ಆ ಜಾಗದ ನಡುವೆ ದೊಡ್ಡದೊಂದು ಬಸರಿ ಮರವಿತ್ತು. ಹಣ್ಣು ಬಿಟ್ಟಾಗ ಹೊಳೆಯಾಚೆಯ ಕಾಡಿನಿಂದ ಮಂಗಟ್ಟೆಗಳು ಬರುತ್ತಿದ್ದವು. ದೋಣಿಯಂಥ ಹಳದಿ ಕೊಕ್ಕಿನ ಆ ದೊಡ್ಡ ಹಕ್ಕಿ ರೆಕ್ಕೆ ಬಡಿದರೆ ಒಳಗಿದ್ದವರಿಗೂ ಸದ್ದು ಕೇಳಿಸುತ್ತಿತ್ತು.

ಅವಳ ಕೆಲಸ ಶುರುವಾಯಿತು. ಕೆಲಸವೆಂದರೆ, ದಿನವಿಡೀ ಆ ಜಾಗದಲ್ಲಿ ಸುಮ್ಮನೆ ಕೂರುವುದು. ಮಧ್ಯಾಹ್ನ ನಾಯಿ ಎಲ್ಲಿ ಮಲಗುತ್ತದೆ ಎಂದು ನೋಡುವುದು. ನಾಯಿ ಮಲಗುವಲ್ಲಿ ತಂಪಿರುತ್ತದೆ, ಅಲ್ಲೇ ಮುದುಕರಿಗೆ ಕಟ್ಟೆ ಕಟ್ಟಬೇಕಂತೆ! ನಾಯಿ ಎದ್ದು ಜಾಗ ಬದಲಿಸಿದರೆ ಇವಳೂ ಎದ್ದು ಹಿಂದೆ ಹೋಗುವಳು. ಪಕ್ಕದ ಮನೆಯಾಕೆ ನನ್ನ ಬಳಿ ಬಂದು ದನಿ ತಗ್ಗಿಸಿ, “ನಿಮ್ಮ ನಾದಿನಿಗೆ ಮೈಯಾಗ ಆರಾಮ ಇಲ್ಲೇನ್ರಿ?” ಎಂದರು.

“ಆರಾಮ ಅದಾಳ್ರಿ. ನೌಕರಿ ಮಾಡಾಕತ್ತಾಳ” ಎಂದೆ.

ಮರವನ್ನು ನಡುವೆ ಇಟ್ಟುಕೊಂಡು, ಸುತ್ತ ಬರಿ ಮಣ್ಣು, ನೆರಳು, ಕಟ್ಟೆಗಳ ಉದ್ಯಾನವನ್ನು ಅವಳು ಬರೆದುಕೊಟ್ಟಳು. ಸಮಿತಿಯವರು ತಲೆಯಾಡಿಸಿದರು. ನೆಲ ಹದಗೊಳಿಸುವ ಕೆಲಸ ಶುರುವಾದದ್ದೇ ತಡ, ಅವಳು ಒಂದು ಕೆರೆಯ ಅಂಚಿನ ಕೆಲಸಕ್ಕೆಂದು ಮುಂಡಗೋಡಕ್ಕೆ ಹೋದಳು. ನಾವು ಸುಗ್ಗಿಗೆ ತೇರಗಾಂವಕ್ಕೆ ಹೋದೆವು.

ತಿರುಗಿ ಬಂದು ಗೇಟಿನ ಮುಂದೆ ಇಳಿದರೆ ಎದುರಿಗೆ ಬರೀ ಆಕಾಶ. ಮರವಿಲ್ಲ. ಹಣ್ಣು ಬಿದ್ದರೆ, ಹಕ್ಕಿ ಹಿಕ್ಕೆ ಹಾಕಿದರೆ ಹೊಸ ಫರಶಿ ಕೆಡುತ್ತದೆ ಎಂದು ಸಮಿತಿಯವರು ಕಡಿಸಿದ್ದರು. ಫರಶಿ ಎಲ್ಲಿಂದ ಬಂತು ಎಂದರೆ, ಮಣ್ಣಾದರೆ ಕೆಸರಾಗುತ್ತದಲ್ಲ ಎಂದರು. ನಾದಿನಿಗೆ ಫೋನು ಮಾಡಿ ಹೇಳಿದೆ. “ಹೌದಾ” ಎಂದಳು. ಫೋನು ಇಟ್ಟುಬಿಟ್ಟಳು.

ಉದ್ಘಾಟನೆಗೆ ಅವಳು ಬರುವುದಿಲ್ಲ ಅಂದುಕೊಂಡಿದ್ದೆ. ಬಂದಳು. ಬಸರಿ ಇದ್ದ ಜಾಗದಲ್ಲಿ ಈಗ ಸಿಮೆಂಟಿನ ಮಂಗಟ್ಟೆಯೊಂದು ನಿಂತಿತ್ತು, ಆಳೆತ್ತರದ್ದು, ಎಣ್ಣೆಬಣ್ಣ ಬಳಿದದ್ದು. ಸುತ್ತ ಪ್ಲಾಸ್ಟಿಕ್ ಹುಲ್ಲು. ಸಮಿತಿಯ ಅಧ್ಯಕ್ಷರು ಕೆಟ್ಟವರೇನಲ್ಲ. ಓಣಿಯಲ್ಲಿ ಯಾರಿಗೆ ಹುಷಾರಿಲ್ಲದಿದ್ದರೂ ಮೊದಲು ಓಡಿ ಬರುವ ಮನುಷ್ಯ. ನಿಜವಾದ ಸಂತೋಷದಿಂದ ಅವಳ ಕೈಹಿಡಿದು, “ನೋಡ್ರಿ ಬಾಯಾರ, ನಿಮ್ಮ ಹಕ್ಕಿ ಉಳಿಸೇವಿ” ಎಂದರು. ಶಾಲು ಹೊದೆಸಿದರು. ಎರಡು ಮಾತಾಡಿ ಎಂದು ಮೈಕು ಕೊಟ್ಟರು. ಇವಳು ಏನು ರಂಪ ಮಾಡುತ್ತಾಳೋ ಎಂದು ನಾನು ಅವಳ ಪಕ್ಕಕ್ಕೆ ಸರಿದು ನಿಂತೆ.

ಅವಳು ಸಿಮೆಂಟಿನ ಹಕ್ಕಿಯ ಕಡೆ ತಿರುಗಿದಳು. “ಹಕ್ಕಿ ಭಾಳ ಛಲೋ ಐತ್ರಿ. ಇದಕ್ಕ ಹಸಿವಿ ಆಗೂದಿಲ್ಲ” ಎಂದು ಮೈಕು ವಾಪಸು ಕೊಟ್ಟಳು.

ಜನ ಚಪ್ಪಾಳೆ ತಟ್ಟಿದರು. ರಂಪ ಮಾಡಿದ್ದರೇ ಎಷ್ಟೋ ವಾಸಿಯಿತ್ತು!

ಮನೆಗೆ ಬಂದವಳು ಗೋಡೆಯ ಕಡೆ ಮುಖಮಾಡಿ ಮಲಗಿಬಿಟ್ಟಳು. ಮುಂಡಗೋಡದಿಂದ ಫೋನು ಬಂದರೆ ಎತ್ತಲಿಲ್ಲ. ಊಟ ಬೇಡವೆಂದಳು. ನಾನು ನಗಿಸಲು ನೋಡಿದೆ, ಅವಳಣ್ಣ ಗದರಿಸಿ ನೋಡಿದ. “ಈ ಕೆಲಸಾ ಯಾರಿಗೆ ಬೇಕಾಗೇತಿ ಹೇಳು” ಎಂದು ಕೇಳಿದಳು.

ಮರುದಿನ ಬೆಳಿಗ್ಗೆ ರೆಕ್ಕೆಯ ಸದ್ದು ಕೇಳಿಸಿತು. ನಾನೂ ಅವಳೂ ಹೊರಗೆ ಬಂದೆವು. ಒಂಟಿ ಮಂಗಟ್ಟೆಯೊಂದು ಉದ್ಯಾನದ ಮೇಲೆ ಸುತ್ತು ಹಾಕಿ, ಇಳಿಯಲು ನೋಡಿ, ಮತ್ತೆ ಮೇಲೇರಿ, ಕೊನೆಗೆ ದೀಪದ ಕಂಬದ ಮೇಲೆ ಕೂತಿತು. ಕೆಳಗೆ ಸಿಮೆಂಟಿನದು, ಮೇಲೆ ಜೀವದ್ದು. ಒಂದಷ್ಟು ಹೊತ್ತು ಕತ್ತು ಓರೆಮಾಡಿ ನೋಡಿ, ಹೊಳೆಯ ಕಡೆಗೆ ಹಾರಿಹೋಯಿತು.

“ಜೋಡಿಲೆ ಬರತಿದ್ವಲ್ಲ. ಇನ್ನೊಂದು ಎಲ್ಲೈತಿ?” ಎಂದೆ.

“ಇದು ಮರಿ ಮಾಡೂ ಕಾಲ ವೈನಿ. ಹೆಣ್ಣು ಮರದ ಪೊಟರಿಯೊಳಗ ಕುಂತು ಬಾಗಲಾ ಮುಚ್ಚಿಕೊಂಡಿರತೈತಿ. ಕೊಕ್ಕು ತೂರುವಷ್ಟ ಸಂದಿ. ಗಂಡು ಹಣ್ಣು ಒಯ್ದು ಬಾಯಾಗ ಇಟ್ಟರ ಉಂಟು, ಇಲ್ಲಾಂದ್ರ ಇಲ್ಲ.” ಅವಳು ಹೊಳೆಯ ಕಡೆಗೇ ನೋಡುತ್ತಿದ್ದಳು. “ಗಿಡಾ ಕಡದದ್ದು ಆಕೀಗೆ ಗೊತ್ತಿರೂದಿಲ್ಲ. ಗಂಡಾ ಯಾಕೋ ತಡಾ ಮಾಡಿದಾ ಅಂತ ಸಿಟ್ಟಾಗಿ ಕುಂತಿರತಾಳ, ಅಷ್ಟ.”

ಆಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಅತ್ತಳು. ವರ ತಪ್ಪಿದಾಗಲೂ ಅವಳು ಅತ್ತದ್ದನ್ನು ನಾನು ಕಂಡಿರಲಿಲ್ಲ.

ಮರಗಿಡದ ವಿಷಯ ನನಗೇನು ತಿಳಿಯುತ್ತದೆ? ಒಳಗೆ ಹೋಗಿ ರೊಟ್ಟಿ, ಎಣಗಾಯಿ ಪಲ್ಯ ತಂದು ಪಕ್ಕದಲ್ಲಿ ಕುಳಿತೆ. ಬೇಡವೆಂದು ತಲೆಯಾಡಿಸಿದಳು. ತುತ್ತು ಮುರಿದು ಪಲ್ಯ ಹಚ್ಚಿ ಅವಳ ಬಾಯಿಯ ಬಳಿ ಹಿಡಿದೆ. ಕೈ ನೋಯುವವರೆಗೆ ಹಿಡಿದೇ ಇದ್ದೆ. ಕಣ್ಣು ಒರೆಸಿಕೊಳ್ಳದೆಯೇ ಅವಳು ಮೆಲ್ಲಗೆ ಬಾಯಿ ತೆರೆದಳು.