ಅಸಲಿ ಎಮ್ಮೆ

ಎಲ್ಲಕ್ಕೂ ಕಾರಣ ಒಂದು ಹಳದಿ ಚೀಟಿ. ಅಂಗೈಯ ಅರ್ಧದಷ್ಟೂ ಇರದ ಆ ಚೀಟಿಯನ್ನು ಅತ್ತಿಗೆ ಬೆಳಿಗ್ಗೆ ಕಸದ ಜೊತೆ ಗುಡಿಸಿ ಹಾಕಿದ್ದಳು.

ಚಿತ್ರಗಾರ ಹೊಸ ಚೌಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದಾಗ ಮುಂದಿನ ಕೋಣೆಯ ಗುರುತೇ ಸಿಗಲಿಲ್ಲ. ಮೇಜಿನ ಮೇಲೆ ಮೂವತ್ತಕ್ಕೂ ಹೆಚ್ಚು ಎಮ್ಮೆಗಳು ಪ್ಲಾಸ್ಟಿಕ್ ಕವರುಗಳೊಳಗೆ ಒಪ್ಪವಾಗಿ ಮಲಗಿದ್ದವು.

“ಹೇಗಿದೆ?” ಎಂದಳು ಅತ್ತಿಗೆ. “ಧೂಳು ತಿಂದ್ಕೊಂಡು ಬಿದ್ದಿದ್ವು. ಒಂದೊಂದನ್ನೂ ಝಾಡಿಸಿ ಕವರಿಗೆ ಹಾಕಿದೀನಿ. ಸೊಂಟ ಬಿದ್ದುಹೋಯ್ತು ನಂಗೆ.”

“ಅತ್ತಿಗೆ, ಹಳದಿ ಚೀಟಿ ಅಂಟಿಸಿದ್ದು ಯಾವುದು?”

“ಯಾವುದೋ ಒಂದಕ್ಕೆ ಇತ್ತಪ್ಪ. ಅಸಹ್ಯವಾಗಿ ಕಾಣ್ತಿತ್ತು. ಕಿತ್ತು ಬಿಸಾಕಿದೆ.”

ಚಿತ್ರಗಾರ ಚೌಕಟ್ಟಿನ ಸಮೇತ ಸ್ಟೂಲಿನ ಮೇಲೆ ಕುಸಿದ.

ಅವನು ಜಲವರ್ಣದಲ್ಲಿ ಬರೆದದ್ದು ಒಂದೇ ಎಮ್ಮೆ. ಕುತ್ತಿಗೆಯವರೆಗೆ ಕೆರೆಯ ನೀರಿನಲ್ಲಿ ಮುಳುಗಿ, ಲೋಕದ ಗೊಡವೆಯೇ ಬೇಡವೆಂಬಂತೆ ಅರೆಗಣ್ಣು ಮುಚ್ಚಿದ ಎಮ್ಮೆ. ಅಸಲಿ ಚಿತ್ರಕ್ಕೆ ಗಿರಾಕಿ ಸಿಗದಿದ್ದಾಗ ಅದರ ಪ್ರಿಂಟುಗಳನ್ನಾದರೂ ಮಾರೋಣವೆಂದು ಹೊರಟಿದ್ದ. ಪ್ರಿಂಟು ಅಸಲಿಯಂತೆಯೇ ಇರಬೇಕೆಂದು ಪ್ರೆಸ್ಸಿನವನ ಜೀವ ಹಿಂಡಿದ್ದ. ಕಾಗದ ಅದೇ ಇರಬೇಕು, ನೀರಿನ ಹಸಿರು ಅದೇ ಇರಬೇಕು, ಕೊಂಬಿನ ಮೇಲಿನ ಬಿಸಿಲು ಅದೇ ಇರಬೇಕು. ತಿಂಗಳು ಕಳೆದ ಮೇಲೆ ಪ್ರೆಸ್ಸಿನವನು, “ಸಾರ್, ಇನ್ನು ಹುಲ್ಲು ಹಾಕಿದರೆ ತಿನ್ನೋದೊಂದು ಬಾಕಿ,” ಎಂದು ಹೇಳಿ, ಈ ಮನುಷ್ಯ ತೊಲಗಿದರೆ ಸಾಕೆಂದು ನಾಲ್ಕಾರು ಪ್ರಿಂಟುಗಳನ್ನು ಹೆಚ್ಚಿಗೇ ಕೊಟ್ಟು ಕಳಿಸಿದ್ದ. ಅಸಲಿಯೂ ಅದೇ ಕಟ್ಟಿನಲ್ಲಿ ಬಂದಿತ್ತು. ಅದರ ಬೆನ್ನಿಗೆ ಗುರುತಿಗೆಂದು ಅಂಟಿಸಿದ್ದೇ ಆ ಹಳದಿ ಚೀಟಿ.

ಈಗ ಅಸಲಿಗೆ ಗಿರಾಕಿ ಸಿಕ್ಕಿದ್ದ. ಹೊಸ ಆಸ್ಪತ್ರೆ ತೆರೆದಿದ್ದ ಹಲ್ಲಿನ ಡಾಕ್ಟರು ಹೋದ ವಾರ ಬಂದು, “ಪ್ರಿಂಟು ಗಿಂಟು ಬೇಡ. ನೀವು ಕೈಯಾರೆ ಬರೆದದ್ದೇ ಬೇಕು,” ಎಂದು ಹೇಳಿ, ಇವತ್ತು ಸಂಜೆ ಐದಕ್ಕೆ ಬರುವುದಾಗಿ ತಿಳಿಸಿದ್ದರು. ಅಣ್ಣನೂ ಇವತ್ತಿನ ಸಂಜೆಯನ್ನೇ ಗಡುವಾಗಿ ಇಟ್ಟಿದ್ದ. “ಒಂದಾದ್ರೂ ಅಸಲಿ ಚಿತ್ರ ಮಾರಿ ತೋರ್ಸು, ಮುಂದಿನ ಕೋಣೆ ನಿನ್ನದು. ಇಲ್ಲ ಅಂದ್ರೆ ಟೈಲರ್‌ಗೆ ಬಾಡಿಗೆಗೆ ಕೊಟ್ಬಿಡ್ತೀನಿ.” ಬೆಳಕು ಚೆನ್ನಾಗಿ ಬೀಳುವ ಕೋಣೆ ಆ ಮನೆಯಲ್ಲಿ ಅದೊಂದೇ. ಅದು ಹೋದರೆ ಚಿತ್ರಗಾರ ಬಚ್ಚಲಿನಲ್ಲಿ ಕೂತು ಬರೆಯಬೇಕು.

ಕವರುಗಳನ್ನೆಲ್ಲ ಬಿಚ್ಚಿ ಎಮ್ಮೆಗಳನ್ನು ನೆಲದ ಮೇಲೆ ಸಾಲಾಗಿ ಹಾಸಿದ. ಎಲ್ಲವೂ ಅದೇ ಅರೆಗಣ್ಣಿನಿಂದ ಅವನನ್ನು ನೋಡಿದವು. ಒಂದೊಂದು ರೋಮವನ್ನೂ ತಾನೇ ಎಳೆದವನು, ಈಗ ಅವುಗಳ ನಡುವೆ ಮಂಡಿಯೂರಿ, ಸಂತೆಯಲ್ಲಿ ಮಗು ಕಳೆದುಕೊಂಡವನಂತೆ ಅತ್ತಿತ್ತ ತೆವಳತೊಡಗಿದ.

ಪಕ್ಕದ ಮನೆಯ ನಿವೃತ್ತ ಕ್ಯಾಷಿಯರು ಸುದ್ದಿ ಕೇಳಿ ಭೂತಗನ್ನಡಿ ಹಿಡಿದುಕೊಂಡೇ ಬಂದರು.

“ಸರಿದು ಕೂತ್ಕೊಳ್ಳಪ್ಪ. ಮೂವತ್ತೆರಡು ವರ್ಷ ನೋಟು ಮುಟ್ಟಿದ ಕೈ ಇದು. ಖೋಟಾ ಅನ್ನೋದು ವಾಸನೆಗೇ ಗೊತ್ತಾಗುತ್ತೆ.”

ಅವರು ಪ್ರತಿಯೊಂದನ್ನೂ ಬೆಳಕಿಗೆ ಹಿಡಿದರು, ಮೂಸಿದರು, ಅಂಚನ್ನು ಕಿವಿಯ ಬಳಿ ತಂದು ಬೆರಳಿನಿಂದ ಮಿಡಿದರು. ಅರ್ಧ ಗಂಟೆಯ ಮೇಲೆ ಏಳು ಎಮ್ಮೆಗಳನ್ನು ಬೇರೆ ತೆಗೆದಿಟ್ಟರು.

“ಈ ಏಳೂ ಅಸಲಿ.”

“ಸಾರ್, ಅಸಲಿ ಇರೋದೇ ಒಂದು.”

“ಹಾಗಾದ್ರೆ ನಿನ್ನ ಲೆಕ್ಕ ತಪ್ಪಿದೆ,” ಎಂದು ಕ್ಯಾಷಿಯರು ಖಡಾಖಂಡಿತವಾಗಿ ಹೇಳಿದರು.

ಅಷ್ಟರಲ್ಲಿ ಟೈಲರು ಕೊರಳಲ್ಲಿ ಟೇಪು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. “ಕಿಟಕಿ ಅಳತೆ ನೋಡಿ ಹೋಗೋಣ ಅಂತ ಬಂದೆ. ಅವಸರ ಏನಿಲ್ಲ, ನಿಮ್ಮ ಕೆಲಸ ಮುಗಿಸ್ಕೊಳ್ಳಿ,” ಎಂದವನು ಒಳಗೆ ಬಂದು ಎಮ್ಮೆಗಳನ್ನು ನೋಡಿದ. “ಇದಕ್ಕೇನ್ ಇಷ್ಟೊಂದು ತಲೆಬಿಸಿ? ಬಟ್ಟೆ ಬಣ್ಣ ಬಿಡುತ್ತೋ ಇಲ್ವೋ ಅಂತ ನಾವು ಮೂಲೇಲಿ ಒಂದು ಹನಿ ನೀರು ಹಾಕಿ ಉಜ್ಜಿ ನೋಡ್ತೀವಿ. ಪ್ರಿಂಟು ಬಿಡಲ್ಲ. ಕೈಯಲ್ಲಿ ಬರೆದದ್ದು ಬಿಡುತ್ತೆ. ಬಿಟ್ಟಿದ್ದೇ ನಿಮ್ದು.”

ಈ ಉಪಾಯ ಚಿತ್ರಗಾರನಿಗೆ ಹೊಳೆದಿರಲಿಲ್ಲವೆಂದಲ್ಲ. ಹೊಳೆದದ್ದನ್ನು ಬಾಯಿ ಬಿಟ್ಟು ಹೇಳುವ ಧೈರ್ಯವಾಗಿರಲಿಲ್ಲ. ತನ್ನ ಕೂಸು ಯಾವುದೆಂದು ಗುರುತಿಸಲು ಎಲ್ಲ ಕೂಸುಗಳನ್ನೂ ಚಿವುಟಿ ನೋಡಬೇಕಾದ ಪರಿಸ್ಥಿತಿ. ಆದರೆ ಗಡಿಯಾರ ನಾಲ್ಕು ತೋರಿಸುತ್ತಿತ್ತು.

“ಮೂಲೇಲಿ ಮಾತ್ರ,” ಎಂದ. “ಸೂಜಿ ಮೊನೆಯಷ್ಟು.”

ಅತ್ತಿಗೆ ಲೋಟದಲ್ಲಿ ನೀರು ತಂದಳು. ಟೈಲರು ಕಿರುಬೆರಳು ಅದ್ದಿ ಮೊದಲ ಎಮ್ಮೆಯ ಮೂಲೆಗೆ ಒತ್ತಿದ. ಬಣ್ಣ ಬಿಡಲಿಲ್ಲ. ಎರಡನೆಯದೂ ಬಿಡಲಿಲ್ಲ. ಪ್ರತಿ ಹನಿಗೂ ಚಿತ್ರಗಾರ ಕಣ್ಣು ಮುಚ್ಚುತ್ತಿದ್ದ. ಕ್ಯಾಷಿಯರು ಏಲಂ ಕೂಗುವವರಂತೆ, “ಇದೂ ಖೋಟಾ,” ಎನ್ನುತ್ತಿದ್ದರು. ಅವರು ಆರಿಸಿದ್ದ ಏಳರ ಸರದಿ ಬಂದಾಗ ಮಾತ್ರ ಕೆಮ್ಮಿದರು. ಕೊನೆಯ ಎಮ್ಮೆಯ ಮೂಲೆ ಉಜ್ಜಿದ ಟೈಲರು ಬೆರಳನ್ನೆತ್ತಿ ಎಲ್ಲರಿಗೂ ತೋರಿಸಿದ. ಬೆರಳು ಶುಭ್ರವಾಗಿತ್ತು.

“ಒಂದೂ ಬಿಡ್ಲಿಲ್ಲ,” ಎಂದ. “ಒಳ್ಳೇ ಮಾಲು.”

ಅತ್ತಿಗೆ ನೀರಿನ ಲೋಟ ಕೆಳಗಿಟ್ಟಳು. ಆಮೇಲೆ ಮೆಲ್ಲಗೆ, “ಈಗ ನೆನಪಾಯ್ತು, ಬೆಳಿಗ್ಗೆ ಒಂದು ಮಾರಿದೆ ಕಣಪ್ಪ,” ಎಂದಳು.

“ಯಾರಿಗೆ?”

“ಯಾರೋ ವಯಸ್ಸಾದವರು, ಕೊಡೆ ಹಿಡ್ಕೊಂಡು ಬಂದಿದ್ರು. ಪ್ರಿಂಟು ಒಂದು ಕೊಡಿ ಅಂದ್ರು. ನೀನು ಹೇಳಿದ ರೇಟೇ ಹೇಳಿದೆ. ಅದರಲ್ಲೂ ಚೌಕಾಸಿ ಮಾಡಿದ್ರು. ಹೋಗ್ಲಿ ಅಂತ ಚೀಟಿ ಕಿತ್ತಿದ್ದನ್ನೇ ಕೊಟ್ಟೆ, ಕೈಯಲ್ಲೇ ಇತ್ತಲ್ಲ.”

ಚಿತ್ರಗಾರನ ಗಂಟಲಿನಿಂದ ಬಂದ ಸದ್ದು ನಿಜಕ್ಕೂ ಎಮ್ಮೆಯದರಂತಿತ್ತು.

“ಈಗ ಅತ್ತು ಪ್ರಯೋಜನವಿಲ್ಲ,” ಎಂದರು ಕ್ಯಾಷಿಯರು. “ಚೆಂದದ್ದೊಂದು ಆರಿಸಿ ಚೌಕಟ್ಟಿಗೆ ಹಾಕು. ಬರೆದ ನಿನಗೇ ಗೊತ್ತಾಗಲಿಲ್ಲ. ಹಲ್ಲು ಕೀಳೋರಿಗೆ ಏನು ಗೊತ್ತಾಗುತ್ತೆ?”

“ಅದು ಮೋಸ ಸಾರ್.”

“ಮೋಸ ಅಲ್ಲಪ್ಪ, ಹೊಂದಾಣಿಕೆ.”

ಚಿತ್ರಗಾರ ಕಿಟಕಿಯಿಂದ ಬೀಳುತ್ತಿದ್ದ ಬೆಳಕನ್ನು ನೋಡಿದ. ಅದರ ಕೆಳಗೆ ಟೇಪು ಹಿಡಿದು ನಿಂತಿದ್ದ ಟೈಲರನ್ನು ನೋಡಿದ. ಹತ್ತು ನಿಮಿಷದಲ್ಲಿ ಪ್ರಿಂಟು ಚೌಕಟ್ಟಿನೊಳಗೆ ಸೇರಿತ್ತು. ಮಿಕ್ಕವನ್ನು ಅತ್ತಿಗೆ ಮಂಚದ ಕೆಳಗೆ ತಳ್ಳಿದಳು.

ಐದಕ್ಕೆ ಸರಿಯಾಗಿ ಡಾಕ್ಟರು ಬಂದರು. ಬೀಗದ ಕೈಯನ್ನು ಬೆರಳಿಗೆ ಸಿಕ್ಕಿಸಿಕೊಂಡಿದ್ದ ಅಣ್ಣನೂ ಅವರ ಬೆನ್ನಿಗೇ ಬಂದ. ಚೌಕಟ್ಟಿನ ಮೇಲೆ ಹೊದಿಸಿದ್ದ ಬಟ್ಟೆಯನ್ನು ಚಿತ್ರಗಾರ ತೆಗೆದ.

ಡಾಕ್ಟರು ಹತ್ತಿರ ಹೋಗಿ ನೋಡಿದರು. ದೂರ ನಿಂತು ನೋಡಿದರು. ಹುಳುಕು ಹಲ್ಲನ್ನು ನೋಡುವಾಗ ಅವರ ಮುಖ ಹೀಗೇ ಇರುತ್ತಿದ್ದಿರಬೇಕು.

“ನೇರವಾಗಿ ಹೇಳ್ಬಿಡ್ತೀನಿ, ಬೇಜಾರು ಮಾಡ್ಕೋಬೇಡಿ,” ಎಂದರು. “ನಮ್ಮ ಮಾವನವರು ಸ್ವಲ್ಪ ಹಿಡಿತದ ಮನುಷ್ಯರು. ಅಸಲಿಗೆ ಯಾಕೆ ಅಷ್ಟೊಂದು ದುಡ್ಡು ಸುರೀತೀರಿ ಅಂತ ಬೆಳಿಗ್ಗೆ ಇಲ್ಲಿಗೇ ಬಂದು ಒಂದು ಪ್ರಿಂಟು ತಂದಿದ್ದಾರೆ. ಆಸ್ಪತ್ರೆ ಗೋಡೆಗೂ ಹಾಕ್ಬಿಟ್ಟಿದ್ದಾರೆ. ಸ್ವಿಚ್ಚು ಅಡ್ಡ ಬರುತ್ತೆ ಅಂತ ಒಂದು ಕೊಂಬು ಕತ್ತರಿಸಿದ್ದಾರೆ, ಅದು ಬೇರೆ ಮಾತು. ಎರಡನ್ನೂ ಹೋಲಿಸಿ ನೋಡೋಣ ಅಂತ ಬಂದೆ.”

ಚಿತ್ರಗಾರ ಬಾಯಿ ತೆರೆದ. “ಡಾಕ್ಟರೇ, ಅದೇ… ನಿಮ್ಮಲ್ಲಿ ಇರೋದೇ…”

“ಹಾಂ, ಹೇಳಿ.”

ಹೇಳುವುದೇನು? ಅಲ್ಲಿರುವುದು ಅಸಲಿ ಎಂದರೆ, ಇಲ್ಲಿ ಚಿನ್ನದ ಬಣ್ಣದ ಚೌಕಟ್ಟಿನಲ್ಲಿ ಕೂತಿರುವುದು ಏನೆಂದು ಅವರು ಕೇಳುತ್ತಾರೆ. ಕ್ಯಾಷಿಯರು ಚಾವಣಿ ನೋಡುತ್ತಿದ್ದರು. ಚಿತ್ರಗಾರ ಬಾಯಿ ಮುಚ್ಚಿದ.

“ಆ ಪ್ರಿಂಟಲ್ಲಿ ಜೀವ ಇದೆ ನೋಡಿ,” ಎಂದರು ಡಾಕ್ಟರು. “ನೀರು ನೀರಿನ ಹಾಗೇ ಇದೆ. ಇದರಲ್ಲಿ ಯಾಕೋ ಅದಿಲ್ಲ. ಇದನ್ನ ಕೊಳ್ಳೋಕೆ ಮನಸ್ಸು ಬರ್ತಿಲ್ಲ.” ಜೇಬಿನಿಂದ ಪೆನ್ನು ತೆಗೆದರು. “ಅದನ್ನ ಪ್ರಿಂಟ್ ಮಾಡಿದೋರು ಯಾರು? ವಿಳಾಸ ಕೊಡ್ತೀರಾ? ನಿಜವಾದ ಕಲಾವಿದ ಅಂದ್ರೆ ಅವರು.”

ಅಣ್ಣ ಬೀಗದ ಕೈಯನ್ನು ಟೈಲರನ ಕಡೆ ಚಾಚಿದ. ಚಿತ್ರಗಾರ ಪ್ರೆಸ್ಸಿನ ವಿಳಾಸವನ್ನು ನಿಧಾನವಾಗಿ, ಡಾಕ್ಟರಿಗೆ ತಪ್ಪದಂತೆ, ಪಿನ್‌ಕೋಡ್ ಸಮೇತ ಬರೆಸತೊಡಗಿದ.