ಒಂದು ಮುಂಜಾನೆಯ ಸ್ಪ್ಯಾನಿಷ್

ಮೌನೇಶ ಫ್ಲೆಕ್ಸ್ ಅಂಗಡಿಗೆ ಫೋನ್ ಮಾಡಿದ ಹೊತ್ತಿಗೆ ಸರಿಯಾಗಿ ಪಕ್ಕದಲ್ಲಿ ಮದುವೆಯ ಬ್ಯಾಂಡ್ ಹಾದುಹೋಗದೇ ಇದ್ದಿದ್ದರೆ ಅವನ ಪಾಡು ಹೀಗಾಗುತ್ತಿರಲಿಲ್ಲ. ಅವನು ಹೇಳಿದ್ದು 'ಸ್ಪೆಷಲ್ ಮಾಂಟೆಸ್ಸರಿ' ಎಂದು. ಮರುದಿನ ಜಹೀರಾಬಾದಿನ ಬಸ್ ಸ್ಟ್ಯಾಂಡ್ ಎದುರು ಎದ್ದು ನಿಂತ ಹದಿನೈದು ಅಡಿ ಬ್ಯಾನರಿನಲ್ಲಿ ಇದ್ದದ್ದು 'ಸ್ಪ್ಯಾನಿಷ್ ಮಾಂಟೆಸ್ಸರಿ'.

ನ್ಯಾಲ್ಕಲ್ ಕಡೆಯ ಮೌನೇಶ ಆ ಶಾಲೆಯ ಗುಮಾಸ್ತ. ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಕಾಯಂ ಆಗಲು ಇನ್ನೊಂದು ತಿಂಗಳು ಬಾಕಿ. ಬ್ಯಾನರ್ ಇಳಿಸಲು ಏಣಿ ಹೊತ್ತು ಹೊರಟವನನ್ನು ಶಾಲೆಯ ಒಡತಿ ಕೌಶಲ್ಯಾ ಮೇಡಂ ಗೇಟಿನಲ್ಲೇ ತಡೆದರು.

"ಏಣಿ ಇಳಸು. ಮುಂಜಾನಿಂದ ಹನ್ನೊಂದು ಮಂದಿ ಕೇಳಿಕೊಂಡು ಬಂದಾರ. ಈ ಊರಾಗ ಇಂಗ್ಲಿಷ್ ಅಂದ್ರ ಯಾರೂ ತಿರುಗಿ ನೋಡಂಗಿಲ್ಲ. ಸ್ಪ್ಯಾನಿಷ್ ಅಂದ್ರ ಓಡಿ ಬರ್ತಾರ!"

ಹೀಗೆ ಬ್ಯಾನರ್ ಉಳಿಯಿತು. ಅದಕ್ಕೆ ತಕ್ಕಂತೆ ಹೈದರಾಬಾದಿನಲ್ಲಿ ಸ್ಪ್ಯಾನಿಷ್ ಓದಿದ ಶಿಲ್ಪಾರಾಣಿ ಎಂಬ ಟೀಚರನ್ನು ಗೊತ್ತು ಮಾಡಿದ್ದೂ ಆಯಿತು. ಮೇಡಂ ಎಲ್ಲೋ ಓದಿ ಒಂದು ನಿಯಮವನ್ನೂ ಮಾಡಿದರು: ಒಂಬತ್ತರಿಂದ ಹನ್ನೆರಡರವರೆಗೆ ತರಗತಿಯೊಳಗೆ ಸ್ಪ್ಯಾನಿಷ್ ಬಿಟ್ಟು ಬೇರೆ ಮಾತೇ ಕೇಳಬಾರದು. ಮಕ್ಕಳನ್ನು ಆ ಭಾಷೆಯಲ್ಲಿ ಪೂರ್ತಿ ಮುಳುಗಿಸಿಬಿಡಬೇಕು. ಶುಕ್ರವಾರ ಶುರು. ಪಾಲಕರು ಬಂದು ಕಿಟಕಿಯ ಗಾಜಿನಾಚೆ ನಿಂತು ನೋಡಬಹುದು.

ಶುಕ್ರವಾರ ಎಂಟೂವರೆಗೆ ಶಿಲ್ಪಾರಾಣಿಯ ಫೋನ್ ಬಂತು. ಬಸ್ಸು ಸಂಗಾರೆಡ್ಡಿಯಲ್ಲಿ ಕೆಟ್ಟು ನಿಂತಿತ್ತು. ಬರುವುದು ಹನ್ನೆರಡಾಗುತ್ತದೆ.

ಕಿಟಕಿಯಾಚೆ ಆಗಲೇ ಇಪ್ಪತ್ತು ಮುಖಗಳು. ಎಲ್ಲರಿಗಿಂತ ಮುಂದೆ ಝರಾಸಂಗಂನ ಶುಂಠಿ ವ್ಯಾಪಾರಿ ತುಳಜಪ್ಪ, ಮೊಮ್ಮಗಳನ್ನು ಸೇರಿಸಿದವರು. ಅವರ ಪಕ್ಕದಲ್ಲಿ ಎರಡು ಗೆರೆ ನೋಟ್‌ಬುಕ್ಕು, ಚೂಪು ಪೆನ್ಸಿಲ್ಲು ಹಿಡಿದ ಉಮಾಬಾಯಿ. ಮೊಮ್ಮಗನ ಜೊತೆ ತಾನೂ ಕಲಿತುಬಿಡಬೇಕೆಂಬುದು ಆಕೆಯ ಹಟ.

"ಮೌನೇಶ, ನೀನೇ ಒಳಗ ಹೋಗು" ಎಂದರು ಮೇಡಂ.

"ನಾನಾ? ನನಗ ಸ್ಪ್ಯಾನಿಷಿನ್ಯಾಗ ಸ್ ಸುದ್ದಾ ಬರಂಗಿಲ್ರಿ ಮೇಡಮ್ಮೋರೆ!"

"ಬ್ಯಾನರ್ ಬರಿಸಿದವ ಯಾರು? ನೀನೇ ಸಂಭಾಳಿಸು. ಇಲ್ಲಾಂದ್ರ ಆ ಏಣಿ ಹೊತ್ಕೊಂಡು ನ್ಯಾಲ್ಕಲ್‌ಗಿ ನಡಿ."

ಗಾಬರಿಯಲ್ಲಿ ಮೌನೇಶ ಫೋನಿನಲ್ಲಿ ಎರಡು ನಿಮಿಷ ಸ್ಪ್ಯಾನಿಷ್ ವಿಡಿಯೋ ನೋಡಿದ. ಅವನಿಗೆ ತಿಳಿದದ್ದು ಇಷ್ಟೇ: ಹೆಂಗಸೊಬ್ಬಳು ರೈಲು ಹಿಡಿಯುವವಳಂತೆ ಮಾತಾಡುತ್ತಾಳೆ, ಮಾತಿನ ಬಾಲದಲ್ಲೆಲ್ಲ ಆ ಇಲ್ಲವೇ ಓ ಬರುತ್ತದೆ. ಸರಿ, ಮನೆಯಲ್ಲಿ ಆಡುವ ಮಾತಿನ ಬಾಲ ತಿರುಚುವುದೆಂದು ನಿರ್ಧರಿಸಿ ದೇವರ ಹೆಸರು ಹೇಳಿ ಒಳಗೆ ಕಾಲಿಟ್ಟ.

ಮಾಂಟೆಸ್ಸರಿ ಕೋಣೆಯಲ್ಲಿ ಪಾಠ ಹೇಳುವುದಕ್ಕಿಂತ ಕೆಲಸ ಮಾಡಿಸುವುದೇ ಹೆಚ್ಚು. ಪುಟ್ಟ ಬಕೀಟಿನಿಂದ ನೀರು ಸುರುವುವುದು, ಸೋಪಿನಿಂದ ಮೇಜು ತೊಳೆಯುವುದು, ಅಂಗಿಯ ಗುಂಡಿ ಹಾಕುವುದು. ಮೌನೇಶ ಮೇಜು ಮುಟ್ಟಿ, ಗಂಟಲು ಸರಿಮಾಡಿಕೊಂಡು, "ಮೇಸಾ!" ಎಂದ.

"ಮೇಸಾ!" ಎಂದವು ಹದಿನಾರು ಮಕ್ಕಳು.

ಕಿಟಕಿಯಾಚೆ ಉಮಾಬಾಯಿಯ ಪೆನ್ಸಿಲ್ ಓಡಿತು. ಮೌನೇಶನಿಗೆ ಧೈರ್ಯ ಬಂತು. ಕಮೀಜು ತೋರಿಸಿ "ಕಮೀಸಾ" ಎಂದ. ಅಲಮಾರಿ ಬಡಿದು "ಅಲಮಾರಿಯೋ" ಎಂದ. ತನ್ನ ಪತಲೂನು ಎಳೆದು ತೋರಿಸಿ "ಪಂತಲೋನ್" ಎಂದ. ಬಕೀಟು, ಅಂದರೆ ಮನೆಮಾತಿನ ಬಾಲ್ಟಿ, ಎತ್ತಿ ಹಿಡಿದಾಗ ಬಾಲ ತಿರುಚುವುದು ತುಸು ಕಷ್ಟವಾಯಿತು, ನಾಲಿಗೆಗೆ ಬಂದಂತೆ "ಬಾಲ್ದೆ!" ಎಂದುಬಿಟ್ಟ.

ಕಿಟಕಿಯ ಸಂದಿಯಿಂದ ತುಳಜಪ್ಪನ ಮಾತು ಕೇಳಿತು. "ಉಮಾಬಾಯಿ, ಇದು ಎಲ್ಲೋ ಕೇಳಿದಂಗ ಅನಸ್ತದಲ್ಲ?"

"ಸುಮ್ಮನಿರ್ರಿ ಕಾಕಾ. ಟಿವಿಯಾಗ ಕೇಳಿರಬೇಕು."

ಮೌನೇಶ ಕಿಟಕಿಗೆ ಬೆನ್ನು ತಿರುಗಿಸಿದ. ಅಷ್ಟರಲ್ಲಿ ಉಮಾಬಾಯಿಯ ಮೊಮ್ಮಗ ಎದ್ದು ನಿಂತು ಕಿರುಬೆರಳು ಎತ್ತಿದ. ಬಾಯಿ ತೆರೆದ. ನಿಯಮ ನೆನಪಾಗಿ ಮುಚ್ಚಿದ. ಕಾಲು ಹೆಣೆದುಕೊಂಡು ಕುಣಿದ. ಕೊನೆಗೆ ಆ ನಾಲ್ಕು ವರ್ಷದ ತಲೆಗೆ ಗುಟ್ಟು ಹೊಳೆಯಿತು.

"ಒಂದಕ್ಕೋ!" ಎಂದು ಕೂಗಿದ.

ಕೂಗಿದ್ದೇ ತಡ, ಉಳಿದ ಹದಿನೈದು ಮಕ್ಕಳೂ "ಒಂದಕ್ಕೋ! ಒಂದಕ್ಕೋ!" ಎನ್ನುತ್ತ ಬಾಗಿಲಿಗೆ ನುಗ್ಗಿದವು. ಅಡ್ಡ ಬಂದ ಮೌನೇಶ ಬಾಲ್ದೆ ಎಡವಿದ. ನೀರು ಸೋಪಿನ ಜೊತೆ ಸೇರಿ ಕೋಣೆಯ ತುಂಬ ಹರಡಿತು. ಅದರ ಮೇಲೆ ಕಾಲಿಟ್ಟವನು ಜಾರುಬಂಡಿಯಲ್ಲಿ ಬಂದ ಮಗುವಿನಂತೆ ಈ ಗೋಡೆಯಿಂದ ಆ ಗೋಡೆಗೆ ಹೋಗಿ, ಗುಲಾಬಿ ಬಣ್ಣದ ಮರದ ತುಂಡುಗಳ ಗೋಪುರವನ್ನು ತಬ್ಬಿ ಬಿದ್ದ.

"ಅಯ್ಯಯ್ಯೋ!"

"ಅಯ್ಯಯ್ಯೋ!" ಎಂದು ಮಕ್ಕಳು ಒಕ್ಕೊರಲಿನಲ್ಲಿ ಪಾಠ ಒಪ್ಪಿಸಿದವು. ಇಬ್ಬರು ಬೇಕೆಂದೇ ಜಾರಿಬಿದ್ದು ಇನ್ನೊಮ್ಮೆ ಹೇಳಿದರು. ಉಮಾಬಾಯಿ ಅದನ್ನೂ ಬರೆದುಕೊಂಡಳು.

ಹೀಗೆ ಮೂರು ತಾಸು ಉರುಳಿ, ಮೌನೇಶ ಒದ್ದೆ ಕೋಳಿಯಂತೆ ಮೂಲೆಯಲ್ಲಿ ನಿಂತಿರುವಾಗ ಶಿಲ್ಪಾರಾಣಿ ಬಂದಳು. ಅವಳ ಚೀಲ ಹೆಗಲಿನಿಂದ ಇಳಿಯುವ ಮೊದಲೇ ಉಮಾಬಾಯಿ ನೋಟ್‌ಬುಕ್ಕು ಚಾಚಿದಳು.

"ಟೀಚರಮ್ಮ, ಇವೆಲ್ಲಾ ಖರೇ ಸ್ಪ್ಯಾನಿಷ್ ಹೌದೇನು ನೋಡ್ರಿ."

ಮೌನೇಶ ಕಣ್ಣು ಮುಚ್ಚಿದ. ಏಣಿ ಹೊತ್ತು ನ್ಯಾಲ್ಕಲ್ ದಾರಿ ಹಿಡಿದ ತನ್ನ ಚಿತ್ರವೇ ಕಂಡಿತು.

"ಮೇಸಾ, ಸರಿ ಅದ. ಕಮೀಸಾ, ಸರಿ. ಪಂತಲೋನ್, ಭಾಳ ಛಲೋ" ಎಂದು ಶಿಲ್ಪಾರಾಣಿ ಒಂದೊಂದೇ ಓದತೊಡಗಿದಳು. "ಅಲಮಾರಿಯೋ... ಹಿಂದಿನ ಕಾಲದಾಗ ಹಿಂಗೇ ಅಂತಿದ್ರು. ಬಾಲ್ದೆ! ಇದನ್ನೂ ಕಲಿಸ್ಯಾರಾ? ಇದು ನನಗ ಎರಡನೇ ವರ್ಷದಾಗ ಬಂದಿತ್ರಿ. ಒಂದಕ್ಕೋ... ಇದೊಂದು ಗೊತ್ತಿಲ್ಲ, ಯಾವುದೋ ಹಳ್ಳಿ ಕಡಿ ಮಾತಿರಬೇಕು."

"ಅಯ್ಯಯ್ಯೋ?" ಎಂದಳು ಉಮಾಬಾಯಿ ಆಸೆಯಿಂದ.

"ಪೆಟ್ಟು ಬಿದ್ರ ಅವರೂ ಅಯ್ ಅಯ್ ಅಂತಾರ್ರೀ."

ಮೌನೇಶ ಕಣ್ಣು ತೆರೆದ. ಹುಟ್ಟಿದಾಗಿನಿಂದ ತಾನು ಸ್ಪ್ಯಾನಿಷ್ ಮಾತಾಡುತ್ತಿದ್ದೇನೆಂದು ಅವನಿಗೆ ಆ ಗಳಿಗೆಯಲ್ಲಿ ತಿಳಿಯಿತು. ಕೆಲಸ ಉಳಿಯಿತು! ಅವನಿಗೆ ಶಿಲ್ಪಾರಾಣಿಯ ಕಾಲಿಗೆ ಬೀಳುವಷ್ಟು ಖುಷಿಯಾಯಿತು. ನೆಲ ಇನ್ನೂ ಜಾರುತ್ತಿದ್ದುದರಿಂದ ಬೀಳಲಿಲ್ಲ.

"ಅದು ಹೆಂಗ ಇಷ್ಟೆಲ್ಲಾ ಹೊಂದತಾವ?" ಎಂದು ತುಳಜಪ್ಪ ಕೇಳಿದರು.

"ನಾನೂ ತಾಂಡೂರಿನಾಕಿನೇ ಕಾಕಾ, ನನಗೂ ಮೊದಲು ಆಶ್ಚರ್ಯ ಆಗಿತ್ತು. ಹಿಂದ ಹಡಗಿನವರು, ವ್ಯಾಪಾರದವರು ಮಾತು ಅಲ್ಲಿಂದಿಲ್ಲಿಗಿ ತಂದಾರ. ಮೇಜು, ಕಮೀಜು, ಬಾಲ್ಟಿ ಎಲ್ಲಾ ಒಂದೇ ಬಳಗ."

ತುಳಜಪ್ಪನ ಮೀಸೆ ಅದುರಿತು.

"ಅಂದ್ರ ನಮ್ಮವ್ವ ಬಾವಿಕಟ್ಟಿ ಮ್ಯಾಲ ಕೂತು ದಿನಾ ಸ್ಪ್ಯಾನಿಷ್ ಮಾತಾಡ್ತಿದ್ಳು ಅಂದಂಗಾತು! ಬಿದ್ದು ಅಳೂದೂ ನಮ್ಮಂಗೇ ಆದ್ರ ಇಲ್ಲಿ ಕಲಿಯೂದು ಏನದ? ಇದು ನಮ್ಮ ಮನ್ಯಾಗೇ ಬೇಕಾದಷ್ಟು ಸಿಗ್ತದ. ನಡಿ ತಂಗಿ!" ಎಂದು ಮೊಮ್ಮಗಳ ಕೈ ಹಿಡಿದರು.

"ಹೌದು ನೋಡ್ರಿ" ಎಂದು ಉಮಾಬಾಯಿ ಪೆನ್ಸಿಲ್ಲನ್ನು ತುರುಬಿಗೆ ಸಿಕ್ಕಿಸಿದಳು. ಪಾಲಕರೆಲ್ಲ ಗೇಟಿನ ಕಡೆ ತಿರುಗಿದರು.

ಕೌಶಲ್ಯಾ ಮೇಡಂ ಓಡಿಬಂದು ಎರಡೂ ಕೈ ಚಾಚಿ ಗೇಟಿಗೆ ಅಡ್ಡ ನಿಂತರು. "ತಡೀರಿ, ತಡೀರಿ! ಸ್ಪ್ಯಾನಿಷ್ ಬರೇ ರುಚಿ ತೋರಸಾಕ ಇಟ್ಟಿದ್ದು. ಖರೇ ಪಾಠ ಸೋಮವಾರದಿಂದ. ಜಪಾನಿ!"

ಗುಂಪು ನಿಂತಿತು. ತುಳಜಪ್ಪ ಹುಬ್ಬು ಏರಿಸಿದರು. "ಅದರಾಗ ನಮ್ಮ ಮಾತು ಬರಂಗಿಲ್ಲಲ್ಲ?"

"ಒಂದೂ ಬರಂಗಿಲ್ಲ ಕಾಕಾ. ಗ್ಯಾರಂಟಿ."

ಪಾಲಕರು ಸಮಾಧಾನದಿಂದ ಮನೆಗೆ ಹೋದರು. ಜಪಾನಿ ಬಾರದ ಶಿಲ್ಪಾರಾಣಿ ಚಹಾ ಕುಡಿದು ತಾಂಡೂರಿನ ಬಸ್ಸು ಹಿಡಿದಳು. ಮೌನೇಶ ಪತಲೂನಿನ ನೀರು ಹಿಂಡುತ್ತ, ಗಂಡಾಂತರ ಕಳೆದ ನೆಮ್ಮದಿಯಲ್ಲಿ ಕೇಳಿದ.

"ಜಪಾನಿ ಟೀಚರು ಎಲ್ಲಿಂದ ಬರ್ತಾರ್ರೀ ಮೇಡಮ್ಮೋರೆ?"

"ಎಲ್ಲಿಂದ್ಯಾಕ ಬರಬೇಕು? ನೀ ಇದ್ದೀಯಲ್ಲ."

"ಮೇಡಮ್ಮೋರೆ, ನಿಮ್ಮ ಕಾಲಿಗಿ ಬೀಳ್ತೀನ್ರಿ! ಜಪಾನಿ ಅಂದ್ರ..."

"ಹಗುರ, ನೆಲ ಜಾರ್ತದ" ಎಂದರು ಮೇಡಂ. "ಸ್ಪ್ಯಾನಿಷ್ ಮೂರು ತಾಸಿನ್ಯಾಗ ಕಲಿಸಿ ಪಾಸಾದವ ನೀನು. ಜಪಾನಿಗಿ ಪೂರಾ ಎರಡು ದಿನ ಕೊಟ್ಟೀನಿ. ಇನ್ನೆಷ್ಟು ಬೇಕು?"